ಕಪ್ಪು ಬಣ್ಣವಿಲ್ಲದ ಅಮಾವಾಸ್ಯೆ

ಅಮಾವಾಸ್ಯೆಯ ಭಜನೆಯನ್ನು ಚಿತ್ರಿಸಲು ಕ್ಯಾನ್ವಾಸ್ ಬಿಗಿದಾಗಲೇ ಕಪ್ಪು ಬಣ್ಣದ ಟ್ಯೂಬನ್ನು ಪಕ್ಕಕ್ಕಿಟ್ಟೆ. ವಿಜಯಪುರದ ಕಡೆಯ ನಮ್ಮೂರಿನಲ್ಲಿ, ಎಳ್ಳ ಅಮಾವಾಸ್ಯೆಯ ರಾತ್ರಿ, ಹನುಮಪ್ಪನ ಗುಡಿಕಟ್ಟೆಯಿಂದ ಹೊಲದತ್ತ ನೋಡಿದವರಿಗೆ ಗೊತ್ತು: ಆ ಕತ್ತಲೆ ಮೇಲೆ ನೀಲಿ, ನೆಲದ ಹತ್ತಿರ ಕಂದು. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಅಂಬರ್ ಎಂಬ ಕಡುಕಂದು ಬೆರೆಸಿದರೆ ಎರಡೂ ಸಿಗುತ್ತವೆ. ನೀಲಿ ಹೆಚ್ಚಾದರೆ ಆಕಾಶ, ಅಂಬರ್ ಹೆಚ್ಚಾದರೆ ಎರೆಮಣ್ಣು.

ಕಷ್ಟವಾದದ್ದು ಚಳಿ. ಮುಂಬೈ ಸೆರಗಿನ ಡೊಂಬಿವಲಿಯ ನನ್ನ ಕೋಣೆಯಲ್ಲಿ ಡಿಸೆಂಬರಿನಲ್ಲೂ ಫ್ಯಾನ್ ತಿರುಗುತ್ತದೆ. ಕಿಟಕಿಯಾಚೆಯ ತೇವದ ಗಾಳಿಯಲ್ಲಿ ಬೀದಿದೀಪಗಳ ಸುತ್ತ ಮಸುಕು ಬಳೆ. ಬಯಲುಸೀಮೆಯ ಒಣಚಳಿಯಲ್ಲಿ ದೀಪಕ್ಕೆ ಆ ಬಳೆ ಇರುವುದಿಲ್ಲ, ನೆರಳಿನ ಅಂಚು ಚೂಪಾಗಿರುತ್ತದೆ. ಹಾಗೆಯೇ ಬರೆದೆ. ಉಳಿದ ಚಳಿಯನ್ನೆಲ್ಲ ಮೈಗಳ ಮೇಲೆ ಹೊರಿಸಿದೆ: ಕಂಬಳಿಯೊಳಗೆ ಎಳೆದುಕೊಂಡ ಮೊಣಕಾಲು, ಕಿವಿ ಮುಚ್ಚಿ ಸುತ್ತಿದ ರುಮಾಲು, ಹೊರಗೆ ಚಾಚಿದ್ದು ತಾಳ ಹಿಡಿದ ಕೈಗಳು ಮಾತ್ರ. ಮೂಲೆಯಲ್ಲಿ ತೊಗರಿಕಟ್ಟಿಗೆಯ ಬೆಂಕಿ. ಚರ್ಮ ಬಿಗಿಯಾಗಲೆಂದು ಹುಡುಗನೊಬ್ಬ ದಮ್ಮಡಿ ವಾದ್ಯವನ್ನು ಅದಕ್ಕೆ ಹಿಡಿದಿದ್ದಾನೆ. ಚಿತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಅದು.

ಬೆಳಕಿನ ಪಾಠ ಎಸ್.ಎಲ್. ಹಲ್ದಂಕರ್ ಅವರದು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ದೀಪ ಹಿಡಿದ ಮಹಿಳೆಯ ಚಿತ್ರವನ್ನು ರವಿವರ್ಮನದೆಂದೇ ಹಲವರು ನಂಬಿದ್ದಾರೆ. ಬರೆದವರು ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತ ಹಲ್ದಂಕರ್, ಅದೂ ಜಲವರ್ಣದಲ್ಲಿ. ಅಲ್ಲಿ ಜ್ವಾಲೆ ಅಂಗೈಯ ಮರೆಯಲ್ಲಿದೆ. ನಾವು ನೋಡುವುದು ಬೆರಳ ಸಂದಿಯ ಕೆಂಪನ್ನು, ಮುಖಕ್ಕೆ ತಾಗಿದ ಬೆಳಕನ್ನು. ನಾನೂ ಕಂದೀಲನ್ನು ಹಾರ್ಮೋನಿಯಂ ನುಡಿಸುವ ಹಿರಿಯರ ಬೆನ್ನ ಹಿಂದೆ ಮರೆಮಾಡಿದೆ. ಭಜನೆಯವರು ಎದುರುಬದುರು ಎರಡು ಸಾಲಾಗಿ ಕುಳಿತು, ಒಂದು ಸಾಲು ಎತ್ತಿದ ಸೊಲ್ಲನ್ನು ಇನ್ನೊಂದು ಸಾಲು ಹಿಡಿಯುವುದರಿಂದ ನಡುವಿನ ದೀಪಕ್ಕೆ ಎಲ್ಲ ಮುಖಗಳೂ ಸಿಗುತ್ತವೆ. ಎರಡು ಪಟ್ಟು ದೂರ ಕುಳಿತವರ ಮೇಲೆ ಬೀಳುವ ಬೆಳಕು ಅರ್ಧವಲ್ಲ, ಕಾಲು ಭಾಗ. ಈ ಲೆಕ್ಕವನ್ನು ಬಿಗಿಯಾಗಿ ಹಿಡಿದೆ: ಹತ್ತಿರದವರ ಕೆನ್ನೆಗೆ ಹಳದಿ, ಹಿಂದಿನವರಿಗೆ ಹಣೆಯ ಒಂದು ಗೆರೆ, ಬಾಗಿಲಲ್ಲಿ ನಿಂತ ಹೆಂಗಸರಿಗೆ ಸೆರಗಿನ ಅಂಚಷ್ಟೇ. ಗರ್ಭಗುಡಿಯ ಹನುಮಪ್ಪನಿಗೆ ಎಣ್ಣೆದೀಪದ ಒಂದು ಚುಕ್ಕೆ ಸಾಕಾಯಿತು. ಆ ರಾತ್ರಿಗಳಲ್ಲಿ ದೇವರು ನನಗೆ ಕಂಡದ್ದು ಹಾಡುವವರ ಮುಖಗಳಲ್ಲೇ.

ಅಂಬರ್ ಎಣ್ಣೆ ಹೀರುವ ಬಣ್ಣ. ಒಣಗಿದ ಮೇಲೆ ನೆಲದ ಕತ್ತಲೆ ಬೂದಿ ಬಳಿದಂತೆ ಮಂಕಾಯಿತು. ಅಗಸೆ ಎಣ್ಣೆಯನ್ನು ತೀರಾ ತೆಳುವಾಗಿ ಸವರಿ, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿದಾಗ ಆಳ ಮರಳಿತು. ವಾರ್ನಿಷ್‌ಗೆ ಇನ್ನೂ ತಿಂಗಳುಗಟ್ಟಲೆ ಕಾಯಬೇಕು, ಮುಂಬೈಯ ಮಳೆಗಾಲ ನಡುವೆ ಬಂದರಂತೂ ಇನ್ನಷ್ಟು. ಅಲ್ಲಿಯವರೆಗೆ ನೋಡಲು ಬಂದವರಿಗೆ ಟ್ಯೂಬ್‌ಲೈಟ್ ಆರಿಸಿ ಹಳದಿ ಬಲ್ಬಿನಲ್ಲಿ ತೋರಿಸುತ್ತೇನೆ. ಬಿಳಿ ಬೆಳಕಿನಲ್ಲಿ ಆ ತೊಗರಿಕಟ್ಟಿಗೆಯ ಕೆಂಪು ಏಳುವುದಿಲ್ಲ.