ಈ ಸಮೀಕ್ಷೆ ಯಾರು ಮಾಡಿಸಿದ್ದು?

ಸಮೀಕ್ಷೆಯ ಕೊನೆಯ ಪುಟದಲ್ಲಿ ‘ಇನ್ನೇನಾದರೂ ಹೇಳಲು ಬಯಸುವಿರಾ?’ ಎಂದು ಕೇಳಿ ಸ್ವಲ್ಪ ಖಾಲಿ ಜಾಗ ಬಿಡುವುದು ನಮ್ಮ ವೃತ್ತಿಯ ರೂಢಿ. ಬ್ಯಾಂಕಿನ ಸೇವೆಯನ್ನೋ ಬಸ್ಸಿನ ವೇಳಾಪಟ್ಟಿಯನ್ನೋ ಕುರಿತ ಸಮೀಕ್ಷೆಯಾದರೆ ಆ ಜಾಗ ಬಹುತೇಕ ಖಾಲಿಯಾಗಿಯೇ ಮರಳುತ್ತದೆ. ಟ್ರಾನ್ಸ್‌ಜೆಂಡರ್ ವಿಷಯದ ಸಮೀಕ್ಷೆಯಾದರೆ ಅದು ತುಂಬಿ ಬರುತ್ತದೆ, ಮತ್ತು ಅಲ್ಲಿ ಮತ್ತೆ ಮತ್ತೆ ಕಾಣುವ ಮಾತು ಒಂದೇ: ‘ಇದಕ್ಕೆ ದುಡ್ಡು ಕೊಟ್ಟವರು ಯಾರು?’ ಒಂದೇ ಪ್ರಶ್ನಾವಳಿಯನ್ನು ಓದಿದ ಒಬ್ಬರು ಇದು ಟ್ರಾನ್ಸ್ ಹಕ್ಕುಗಳ ಸಂಘಟನೆಯವರು ಬರೆಸಿದ್ದು ಎಂದು ಖಂಡಿತವಾಗಿ ಹೇಳಿದರೆ, ಇನ್ನೊಬ್ಬರು ಅಷ್ಟೇ ಖಂಡಿತವಾಗಿ ಅವರ ವಿರೋಧಿಗಳು ಬರೆಸಿದ್ದು ಎನ್ನುತ್ತಾರೆ.

ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಓದಿ ಬ್ರಿಟನ್ನಿಗೆ ಬಂದ ನಾನು, ಇಲ್ಲಿನ ಸಮೀಕ್ಷಾ ಸಂಸ್ಥೆಗಳಿಗೆ ಪ್ರಶ್ನಾವಳಿ ರೂಪಿಸುವ ಕೆಲಸ ಮಾಡುತ್ತೇನೆ. ಈ ಸಂಶಯವನ್ನು ಜನರ ಅಜ್ಞಾನವೆಂದು ತಳ್ಳಿಹಾಕುವ ಸಹೋದ್ಯೋಗಿಗಳಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸಂಶಯ ನ್ಯಾಯವಾದದ್ದೇ, ಆದರೆ ಅದು ಹುಡುಕುವ ಜಾಗ ಬಹಳ ಸಲ ಬೇರೆಯಾಗಿರುತ್ತದೆ. ಹಣ ಕೊಟ್ಟವರು ಉತ್ತರಗಳನ್ನು ತಿದ್ದಿರಬಹುದೆಂದು ಜನ ಊಹಿಸುತ್ತಾರೆ. ಉತ್ತರ ತಿದ್ದುವ ಅಗತ್ಯ ಯಾರಿಗೂ ಇಲ್ಲ. ಏನನ್ನು ಕೇಳಬೇಕು, ಯಾವ ಕ್ರಮದಲ್ಲಿ ಕೇಳಬೇಕು, ಕೇಳಿದ್ದರಲ್ಲಿ ಎಷ್ಟನ್ನು ಹೊರಗೆ ಬಿಡಬೇಕು ಎಂಬ ಮೂರು ನಿರ್ಧಾರಗಳು ಕೈಯಲ್ಲಿದ್ದರೆ ಸಾಕು.

ಹಣ ಕೊಟ್ಟವರ ಹೆಸರು ತಿಳಿಯುವುದು ಬ್ರಿಟನ್ನಿನಲ್ಲಿ ಕಷ್ಟವೇನಲ್ಲ. 2004ರಲ್ಲಿ ಸ್ಥಾಪನೆಯಾದ, ಸಮೀಕ್ಷಾ ಸಂಸ್ಥೆಗಳ ಒಕ್ಕೂಟವಾದ ಬ್ರಿಟಿಷ್ ಪೋಲಿಂಗ್ ಕೌನ್ಸಿಲ್‌ನ ಸದಸ್ಯ ಸಂಸ್ಥೆಗಳು, ಒಂದು ಸಮೀಕ್ಷೆಯ ಫಲಿತಾಂಶ ಸಾರ್ವಜನಿಕವಾದ ಎರಡು ಕೆಲಸದ ದಿನಗಳೊಳಗೆ ಅದನ್ನು ಮಾಡಿಸಿದ ಕ್ಲೈಂಟ್ ಯಾರು, ಎಷ್ಟು ಜನರನ್ನು ಯಾವ ದಿನಾಂಕಗಳಲ್ಲಿ ಯಾವ ವಿಧಾನದಿಂದ ಕೇಳಲಾಯಿತು, ಪ್ರಶ್ನೆಗಳ ಪೂರ್ಣ ಪಾಠವೇನು ಎಂಬುದನ್ನೆಲ್ಲ ಕೋಷ್ಟಕಗಳ ಸಮೇತ ತಮ್ಮ ಜಾಲತಾಣದಲ್ಲಿ ಹಾಕಬೇಕು. ನಮ್ಮಲ್ಲಿಯೂ ಭಾರತೀಯ ಪತ್ರಿಕಾ ಮಂಡಳಿ 1996ರಲ್ಲೇ ಚುನಾವಣಾ ಪೂರ್ವ ಸಮೀಕ್ಷೆಗಳನ್ನು ಪ್ರಕಟಿಸುವಾಗ ನಡೆಸಿದವರ ಜೊತೆಗೆ ಮಾಡಿಸಿದವರ ಹೆಸರನ್ನೂ ಎದ್ದು ಕಾಣುವಂತೆ ಕೊಡಬೇಕೆಂದು ಹೇಳಿತ್ತು. ಅದು ಎಷ್ಟು ಪಾಲನೆಯಾಗುತ್ತಿದೆ ಎಂಬುದನ್ನು ಚುನಾವಣೆಯ ಸಮಯದಲ್ಲಿ ಟಿ.ವಿ. ನೋಡಿದವರೇ ಹೇಳಬೇಕು.

ಕ್ಲೈಂಟಿನ ಹೆಸರು ಸಿಕ್ಕರೂ ಗೊಂದಲ ಮುಗಿಯುವುದಿಲ್ಲ ಎನ್ನುವುದಕ್ಕೆ ಸ್ಕಾಟ್ಲೆಂಡಿನ ಪ್ರಕರಣ ಒಳ್ಳೆಯ ಉದಾಹರಣೆ. ಕಾನೂನಿನ ದೃಷ್ಟಿಯಲ್ಲಿ ಲಿಂಗವನ್ನು ಬದಲಿಸಿಕೊಳ್ಳುವ ಪ್ರಮಾಣಪತ್ರ ಪಡೆಯುವುದನ್ನು ಸರಳಗೊಳಿಸುವ ಮಸೂದೆಯೊಂದು ಅಲ್ಲಿ 2022ರಲ್ಲಿ ಚರ್ಚೆಯಲ್ಲಿತ್ತು. ವೈದ್ಯಕೀಯ ದೃಢೀಕರಣದ ಅಗತ್ಯವನ್ನು ಕೈಬಿಡುವುದು, ಕನಿಷ್ಠ ವಯಸ್ಸನ್ನು 18ರಿಂದ 16ಕ್ಕೆ ಇಳಿಸುವುದು, ಎರಡು ವರ್ಷಗಳ ಕಾಯುವಿಕೆಯನ್ನು ಕೆಲವು ತಿಂಗಳಿಗೆ ತಗ್ಗಿಸುವುದು ಅದರ ಮುಖ್ಯ ಅಂಶಗಳು. ಆ ವರ್ಷದ ಫೆಬ್ರುವರಿಯಲ್ಲಿ ಬಿಬಿಸಿ ಸ್ಕಾಟ್ಲೆಂಡ್ ಮಾಡಿಸಿದ ಸಮೀಕ್ಷೆಯಲ್ಲಿ ಪ್ರಮಾಣಪತ್ರ ಪಡೆಯುವುದು ಸುಲಭವಾಗಬೇಕೆಂದವರು ಶೇ 57, ವಿರೋಧಿಸಿದವರು ಶೇ 20. ಡಿಸೆಂಬರಿನಲ್ಲಿ ದಿ ಟೈಮ್ಸ್ ಪತ್ರಿಕೆಗಾಗಿ ಯೂಗವ್ ಎಂಬ ಸಮೀಕ್ಷಾ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ ವೈದ್ಯರ ದೃಢೀಕರಣವನ್ನು ಕೈಬಿಡುವುದಕ್ಕೆ ಸುಮಾರು ಶೇ 60ರಷ್ಟು ಜನರ ವಿರೋಧ. ವಯಸ್ಸನ್ನು 16ಕ್ಕೆ ಇಳಿಸುವುದಕ್ಕೆ ಸುಮಾರು ಮೂರನೇ ಎರಡರಷ್ಟು ಜನರ ವಿರೋಧ.

ಎರಡೂ ಸಂಖ್ಯೆಗಳು ವಾದಿಗಳ ಕೈಗೆ ಸಿಕ್ಕವು. ಒಂದು ಪಕ್ಷಕ್ಕೆ ಬಿಬಿಸಿ ಮಾರಿಕೊಂಡ ಸಂಸ್ಥೆಯಾಯಿತು, ಇನ್ನೊಂದು ಪಕ್ಷಕ್ಕೆ ಟೈಮ್ಸ್ ಹಾಗಾಯಿತು. ಯೂಗವ್ ಅನ್ನು 2000ದಲ್ಲಿ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ನಾದಿಮ್ ಜಹಾವಿ ಮುಂದೆ ಕನ್ಸರ್ವೇಟಿವ್ ಸರ್ಕಾರದಲ್ಲಿ ಸಚಿವರಾದವರು ಎಂಬ ಹಳೆಯ ಸಂಗತಿಯೂ ಇಂಥ ಹೊತ್ತಿನಲ್ಲಿ ತಪ್ಪದೆ ಮೇಲೆ ಬರುತ್ತದೆ. ಇಂಥ ವಾದ ಕಿವಿಗೆ ಬಿದ್ದಾಗಲೆಲ್ಲ ನಾನು ಮಾಡುವುದು ಇಷ್ಟೇ: ಎರಡೂ ಕಡೆಯ ಕೋಷ್ಟಕಗಳನ್ನು ತೆರೆದು, ಸಂಖ್ಯೆಗಳನ್ನು ಮುಚ್ಚಿಟ್ಟು, ಪ್ರಶ್ನೆಗಳನ್ನು ಮಾತ್ರ ಓದುತ್ತೇನೆ. ಒಂದು ಕಡೆ ಶೀರ್ಷಿಕೆಗೆ ಬಂದದ್ದು ‘ಸುಲಭಗೊಳಿಸಬೇಕೇ’ ಎಂಬ ಒಟ್ಟಾರೆ ತತ್ವದ ಪ್ರಶ್ನೆ. ಇನ್ನೊಂದು ಕಡೆ ಶೀರ್ಷಿಕೆಗೆ ಬಂದದ್ದು ಮಸೂದೆಯ ಒಂದೊಂದೇ ಅಂಶದ ಪ್ರಶ್ನೆ. ಬಿಬಿಸಿಯ ಸಮೀಕ್ಷೆಯಲ್ಲಿಯೂ ವಿವರಗಳಿಗೆ ಇಳಿದಾಗ ಬೆಂಬಲ ಕುಗ್ಗಿತ್ತು. ಅಂದರೆ ಎರಡು ಸಮೀಕ್ಷೆಗಳು ಒಂದನ್ನೊಂದು ಸುಳ್ಳಾಗಿಸುತ್ತಿರಲಿಲ್ಲ. ಒಂದೇ ಜನರ ಒಂದೇ ಮನಸ್ಸಿನ ಎರಡು ಮಜಲುಗಳನ್ನು ತೋರಿಸುತ್ತಿದ್ದವು. ಮಸೂದೆ ಆ ಡಿಸೆಂಬರಿನಲ್ಲೇ 86–39 ಮತಗಳಿಂದ ಅಂಗೀಕಾರವಾಯಿತು. ಮರುತಿಂಗಳು ಲಂಡನ್ನಿನ ಸರ್ಕಾರ ಅದನ್ನು ತಡೆಯಿತು. ಅದು ಬೇರೆಯೇ ಕಥೆ.

ಇಂಥದೇ ಇನ್ನೊಂದು ಮಜಲು ಶಸ್ತ್ರಚಿಕಿತ್ಸೆಯದು. ಮಹಿಳೆಯರ ಶೌಚಾಲಯದಂಥ ಜಾಗಗಳನ್ನು ಟ್ರಾನ್ಸ್ ಮಹಿಳೆಯರು (ಹುಟ್ಟಿದಾಗ ಗಂಡೆಂದು ದಾಖಲಾಗಿ, ಹೆಣ್ಣೆಂದು ಗುರುತಿಸಿಕೊಳ್ಳುವವರು) ಬಳಸಬಹುದೇ ಎಂಬ ಪ್ರಶ್ನೆಯಲ್ಲಿ ‘ಶಸ್ತ್ರಚಿಕಿತ್ಸೆ ಆಗಿರದವರು’ ಎಂದು ಸ್ಪಷ್ಟಪಡಿಸಿದೊಡನೆ ಬೆಂಬಲ ಇಳಿಯುತ್ತದೆ ಎಂಬುದನ್ನು ಯೂಗವ್‌ನ ಸಮೀಕ್ಷೆಗಳು ತೋರಿಸಿವೆ. ಆ ಮಾತನ್ನು ಸೇರಿಸುವುದು ಪಕ್ಷಪಾತವೋ ಬಿಡುವುದು ಪಕ್ಷಪಾತವೋ? ಸೇರಿಸಿದರೆ ಉತ್ತರ ಕೊಡುವವರ ಗಮನ ದೇಹದ ಕಡೆಗೇ ತಿರುಗುತ್ತದೆ. ಬಿಟ್ಟರೆ ಪ್ರತಿಯೊಬ್ಬರೂ ತಮ್ಮ ತಮ್ಮ ಕಲ್ಪನೆಯ ವ್ಯಕ್ತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸುತ್ತಾರೆ. ಕ್ಲೈಂಟ್ ಯಾರಾದರೂ ಇರಲಿ, ಈ ವಿಷಯದಲ್ಲಿ ನಾನು ಪಟ್ಟು ಹಿಡಿಯುವುದು ಒಂದೇ ಪರಿಹಾರಕ್ಕೆ: ಉತ್ತರಿಸಲು ಆಯ್ದ ಜನರ ಮಾದರಿಯನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಎರಡು ಪಾಲು ಮಾಡಿ, ಒಂದು ಪಾಲಿಗೆ ಆ ಮಾತಿರುವ ಪ್ರಶ್ನೆಯನ್ನೂ ಇನ್ನೊಂದಕ್ಕೆ ಇಲ್ಲದ ಪ್ರಶ್ನೆಯನ್ನೂ ಕೇಳಿ, ಎರಡೂ ಫಲಿತಾಂಶಗಳನ್ನು ಅಕ್ಕಪಕ್ಕದಲ್ಲಿ ಪ್ರಕಟಿಸುವುದು. ಪಾಲು ಮಾಡಿದಾಗ ಮಾದರಿ ಚಿಕ್ಕದಾಗುತ್ತದೆ, ದೋಷದ ಅಂತರ ಹಿಗ್ಗುತ್ತದೆ, ಖರ್ಚೂ ಏರುತ್ತದೆ. ಒಪ್ಪುವವರು ಕಡಿಮೆ.

ಕ್ಲೈಂಟಿನಿಂದ ಬರುವ ಕರಡು ಹೇಗಿರುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ಹೇಳಬೇಕು. ಒಂದು ಸಂಘಟನೆಯ ಕರಡಿನಲ್ಲಿ ಮೊದಲ ಪ್ರಶ್ನೆ ಮಹಿಳೆಯರ ಮೇಲಿನ ದೌರ್ಜನ್ಯದ ಬಗ್ಗೆ, ಎರಡನೆಯದು ಮಹಿಳೆಯರ ಖಾಸಗಿತನದ ಬಗ್ಗೆ, ಮೂರನೆಯದು ಬಟ್ಟೆ ಬದಲಿಸುವ ಕೋಣೆಗಳಲ್ಲಿ ಟ್ರಾನ್ಸ್ ಮಹಿಳೆಯರಿಗೆ ಪ್ರವೇಶವಿರಬೇಕೇ ಎಂದಿತ್ತು. ಎದುರು ನಿಲುವಿನ ಇನ್ನೊಂದು ಸಂಘಟನೆಯ ಕರಡು ‘ಪ್ರತಿಯೊಬ್ಬರಿಗೂ ಘನತೆಯಿಂದ ಬದುಕುವ ಹಕ್ಕಿದೆ ಎಂಬುದನ್ನು ನೀವು ಒಪ್ಪುವಿರಾ?’ ಎಂದು ಶುರುವಾಗಿ, ‘ಒಪ್ಪುತ್ತೇನೆ’ ಎಂದು ಎರಡು ಸಲ ಹೇಳಿಸಿದ ಮೇಲೆ ಅದೇ ಕೋಣೆಯ ಬಾಗಿಲಿಗೆ ಬಂದು ನಿಂತಿತ್ತು. ಎರಡರಲ್ಲಿಯೂ ಒಂದೊಂದು ಪ್ರಶ್ನೆಯನ್ನು ಬಿಡಿಯಾಗಿ ನೋಡಿದರೆ ತಪ್ಪು ಹುಡುಕುವುದು ಕಷ್ಟ. ಕೆಲಸ ಮಾಡುತ್ತಿದ್ದುದು ಕ್ರಮ. ನಾನು ಮುಖ್ಯ ಪ್ರಶ್ನೆಯನ್ನು ಮೊದಲಿಗೆ ತಂದೆ, ಒಪ್ಪುವಿರಾ ಎಂಬುದರ ಬದಲು ಎರಡೂ ನಿಲುವುಗಳನ್ನು ಸಮನಾದ ವಾಕ್ಯಗಳಲ್ಲಿ ಎದುರುಬದುರು ಇಟ್ಟು ಯಾವುದಕ್ಕೆ ಹತ್ತಿರವಿದ್ದೀರಿ ಎಂದು ಕೇಳಿದೆ, ಮತ್ತು ‘ಗೊತ್ತಿಲ್ಲ’ ಎಂಬ ಉತ್ತರವನ್ನು ಮರೆಮಾಡದೆ ಮುಂದಿಟ್ಟೆ. ಈ ವಿಷಯದಲ್ಲಿ ‘ಗೊತ್ತಿಲ್ಲ’ ಎಂಬ ಪಾಲು ದೊಡ್ಡದಾಗಿರುತ್ತದೆ. ಯಾವ ಕ್ಲೈಂಟಿಗೂ ಅದು ಇಷ್ಟವಾಗುವುದಿಲ್ಲ.

ಸಮೀಕ್ಷೆಯ ಮೊದಲಲ್ಲೇ ಮಾಡಿಸಿದವರ ಹೆಸರು ಹೇಳಿಬಿಡಬಾರದೇ ಎಂದು ಕೇಳುವವರಿದ್ದಾರೆ. ಹೇಳಿದರೆ ಆ ಹೆಸರೇ ಮೊದಲ ಪ್ರಶ್ನೆಯಾಗುತ್ತದೆ: ಇಷ್ಟವಿಲ್ಲದವರು ಎದ್ದು ಹೋಗುತ್ತಾರೆ, ಉಳಿದವರು ಹೆಸರಿಗೆ ತಕ್ಕಂತೆ ಉತ್ತರಿಸುತ್ತಾರೆ. ಆದ್ದರಿಂದ ನನ್ನ ಪ್ರಶ್ನಾವಳಿಗಳಲ್ಲಿ ಹೆಸರು ಕೊನೆಗೆ ಬರುತ್ತದೆ, ಮತ್ತು ಹೆಸರನ್ನು ಕಂಡ ಮೇಲೆ ತಮ್ಮ ಉತ್ತರಗಳನ್ನು ಹಿಂದಕ್ಕೆ ಪಡೆಯುವ ಅವಕಾಶವೂ ಅಲ್ಲೇ ಇರುತ್ತದೆ. ಹಾಗೆ ಹಿಂದಕ್ಕೆ ಪಡೆದವರು ಎರಡೂ ನಿಲುವಿನವರಲ್ಲಿ ಇದ್ದಾರೆ.

ಸಂಶಯ ನಿಜಕ್ಕೂ ಎಲ್ಲಿ ಇರಬೇಕೋ ಅಲ್ಲಿಗೆ ಈಗ ಬರುತ್ತೇನೆ. ಪೋಲಿಂಗ್ ಕೌನ್ಸಿಲ್‌ನ ನಿಯಮ ಅನ್ವಯವಾಗುವುದು ಹೊರಗೆ ಬಂದ ಸಂಖ್ಯೆಗಳಿಗೆ. ಕ್ಲೈಂಟ್ ಹತ್ತು ಪ್ರಶ್ನೆ ಕೇಳಿಸಿ ತನಗೆ ಹಿತವಾದ ಮೂರನ್ನು ಮಾತ್ರ ಪ್ರಕಟಿಸಿದರೆ, ಸಾಮಾನ್ಯವಾಗಿ ಆ ಮೂರರ ವಿವರ ಜಾಲತಾಣಕ್ಕೆ ಬರುತ್ತದೆ; ಉಳಿದವು ಬಹುತೇಕ ಕ್ಲೈಂಟಿನ ಸ್ವತ್ತಾಗಿ ಉಳಿಯುತ್ತವೆ. ಒಮ್ಮೆ ಒಂದು ಸಂಘಟನೆ ಹೀಗೆಯೇ ಮಾಡಿತು. ಅವರು ಪ್ರಕಟಿಸದೆ ಉಳಿಸಿದ ಉತ್ತರಗಳು ನನ್ನ ಕಂಪ್ಯೂಟರಿನಲ್ಲಿದ್ದವು, ಪತ್ರಿಕೆಗಳಲ್ಲಿ ಅವರ ಶೀರ್ಷಿಕೆ ಮೆರೆಯುತ್ತಿತ್ತು, ಗೋಪ್ಯತೆಯ ಕರಾರಿಗೆ ಸಹಿ ಹಾಕಿದ್ದ ನಾನು ಬಾಯಿ ಬಿಡುವಂತಿರಲಿಲ್ಲ. ಅದಾದ ಮೇಲೆ ಈ ವಿಷಯದ ಯಾವುದೇ ಕೆಲಸಕ್ಕೆ, ಒಂದು ಉತ್ತರ ಹೊರಗೆ ಬಂದರೆ ಎಲ್ಲವೂ ಬರಬೇಕು ಎಂಬ ಷರತ್ತನ್ನು ಕರಾರಿನಲ್ಲೇ ಸೇರಿಸುತ್ತೇನೆ. ಓದುಗರಾಗಿ ಇದನ್ನು ಹಿಡಿಯುವ ದಾರಿಯೂ ಇಲ್ಲದಿಲ್ಲ. ಕೋಷ್ಟಕಗಳಲ್ಲಿ ಪ್ರಶ್ನೆಗಳ ಕ್ರಮಸಂಖ್ಯೆ ನಾಲ್ಕರಿಂದ ಒಂಬತ್ತಕ್ಕೆ ಹಾರಿದ್ದರೆ, ನಡುವಿನವು ಎಲ್ಲಿ ಹೋದವು ಎಂದು ಕೇಳಬಹುದು. ಹಲವು ಗ್ರಾಹಕರ ಪ್ರಶ್ನೆಗಳನ್ನು ಒಟ್ಟುಗೂಡಿಸಿ ನಡೆಸುವ ಆಮ್ನಿಬಸ್ ಸಮೀಕ್ಷೆಗಳಲ್ಲಿ ಆ ನಡುವಿನವು ಟೂತ್‌ಪೇಸ್ಟಿನ ಪ್ರಶ್ನೆಗಳೇ ಆಗಿರಬಹುದು. ಆದರೂ ಕೇಳಿದರೆ ನಷ್ಟವಿಲ್ಲ.

ಯಾವ ಹಿತಾಸಕ್ತಿಯೂ ಇಲ್ಲದ ಕಡೆಯಿಂದ ಬಂದ ಪ್ರಶ್ನೆ ತಾನಾಗಿಯೇ ಸರಿಯಿರುತ್ತದೆ ಎನ್ನುವಂತೆಯೂ ಇಲ್ಲ. 2021ರ ಇಂಗ್ಲೆಂಡ್ ಮತ್ತು ವೇಲ್ಸ್ ಜನಗಣತಿಯಲ್ಲಿ, ನೀವು ಗುರುತಿಸಿಕೊಳ್ಳುವ ಲಿಂಗತ್ವವೂ ಹುಟ್ಟಿದಾಗ ದಾಖಲಾದ ಲಿಂಗವೂ ಒಂದೇ ಆಗಿದೆಯೇ ಎಂಬ ಐಚ್ಛಿಕ ಪ್ರಶ್ನೆಯನ್ನು ಮೊದಲ ಬಾರಿಗೆ ಕೇಳಲಾಯಿತು. ಇಲ್ಲ ಎಂದವರು ಸುಮಾರು 2,62,000, ಅಂದರೆ ಶೇ 0.5. ಅತಿ ಹೆಚ್ಚಿನ ಪ್ರಮಾಣ ಕಂಡುಬಂದದ್ದು ಲಂಡನ್ನಿನ ನ್ಯೂಹ್ಯಾಮ್, ಬ್ರೆಂಟ್‌ನಂಥ, ಇಂಗ್ಲಿಷ್ ಮನೆಮಾತಲ್ಲದ ವಲಸಿಗರು ದಟ್ಟವಾಗಿರುವ ಪ್ರದೇಶಗಳಲ್ಲಿ. ಆಕ್ಸ್‌ಫರ್ಡಿನ ಸಮಾಜಶಾಸ್ತ್ರಜ್ಞ ಮೈಕೆಲ್ ಬಿಗ್ಸ್ ಇದನ್ನು ಎತ್ತಿ ತೋರಿಸಿ, ಹಲವರು ಪ್ರಶ್ನೆಯನ್ನೇ ತಪ್ಪಾಗಿ ಅರ್ಥಮಾಡಿಕೊಂಡಿರಬಹುದು ಎಂದರು. ಕೊನೆಗೆ 2024ರಲ್ಲಿ ಆ ಅಂಕಿ ಅಂಶಗಳು ಮಾನ್ಯತೆ ಪಡೆದ ಅಧಿಕೃತ ಅಂಕಿ ಅಂಶಗಳ ಸ್ಥಾನವನ್ನು ಕಳೆದುಕೊಂಡವು. ಆ ಪ್ರಶ್ನೆಯನ್ನು ಪೂರ್ವ ಲಂಡನ್ನಿನಲ್ಲಿ ಮಗನ ಮನೆಯಲ್ಲಿರುವ, ಹಾಸನದ ಕಡೆಯ ಹಿರಿಯರೊಬ್ಬರ ಮುಂದಿಟ್ಟು, ಓದುತ್ತ ಮನಸ್ಸಿಗೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಹೇಳಿ ಎಂದು ಕೇಳಿಕೊಂಡಿದ್ದೆ. ‘ದಾಖಲು’ ಎಂಬಲ್ಲಿ ಅವರ ಬೆರಳು ನಿಂತಿತು. ‘ನಾನು ಹುಟ್ಟಿದ್ದನ್ನ ಯಾರಪ್ಪ ದಾಖಲು ಮಾಡ್ಸಿದ್ರು? ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರ್ಕೊಂಡಿದ್ದು ಅಷ್ಟೇ. ಇಲ್ಲ ಅಂತಲೇ ಹಾಕು’ ಎಂದರು. ಹೀಗೆ ಗಟ್ಟಿಯಾಗಿ ಓದಿಸಿ ನೋಡದೆ ಯಾವ ಪ್ರಶ್ನೆಯನ್ನೂ ನಾನು ಹೊರಗೆ ಕಳಿಸುವುದಿಲ್ಲ.

ಅದೇ ಶೇ 0.5 ನಮ್ಮ ಕೆಲಸದ ಇನ್ನೊಂದು ಕೊರತೆಯನ್ನೂ ತೋರಿಸುತ್ತದೆ. ಆ ಲೆಕ್ಕವನ್ನೇ ಹಿಡಿದರೂ ಸಾವಿರ ಜನರ ಮಾದರಿಯಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ಐದು ಮಂದಿ ಸಿಗಬಹುದು. ಅವರ ಬಗ್ಗೆ ನಡೆಯುವ ಸಮೀಕ್ಷೆಯಲ್ಲಿ ಅವರ ದನಿಯೇ ಕೇಳಿಸುವುದಿಲ್ಲ. ಕೊನೆಯ ಪುಟದ ಖಾಲಿ ಜಾಗದಲ್ಲಿ ಅವರು ಬರೆಯುವುದು ಅಪರೂಪ. ಬರೆದಾಗ ಅವರ ಸಂಶಯ ಬೇರೆಯವರದಕ್ಕಿಂತ ಆಳವಾಗಿರುತ್ತದೆ. ‘ನಾನು ಯಾವ ಶೌಚಾಲಯಕ್ಕೆ ಹೋಗಬೇಕು ಎಂಬುದನ್ನು ಸಾವಿರ ಅಪರಿಚಿತರನ್ನು ಕೇಳಿ ತಿಳಿಯುವ ಅಗತ್ಯ ಯಾರಿಗೆ ಬಿತ್ತು?’ ಎಂದು ಒಬ್ಬರು ಬರೆದಿದ್ದರು. ಆ ಪ್ರಶ್ನೆಗೆ ಕ್ಲೈಂಟಿನ ಹೆಸರು ಉತ್ತರವಾಗುವುದಿಲ್ಲ.

ಬ್ರಿಟಿಷ್ ಸರ್ಕಾರ 2017ರಲ್ಲಿ ಸಲಿಂಗಿಗಳು, ದ್ವಿಲಿಂಗಿಗಳು, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ಮುಂತಾದವರಿಗಾಗಿ ನಡೆಸಿದ ರಾಷ್ಟ್ರೀಯ ಎಲ್‌ಜಿಬಿಟಿ ಸಮೀಕ್ಷೆಗೆ 1,08,000ಕ್ಕೂ ಹೆಚ್ಚು ಜನ ಉತ್ತರಿಸಿದರು. ಅವರಲ್ಲಿ ಶೇ 13ರಷ್ಟು ಮಂದಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು. ತಾವಾಗಿ ಬಂದು ಉತ್ತರಿಸಿದವರಾದ್ದರಿಂದ ಅದನ್ನು ಇಡೀ ಸಮುದಾಯದ ಪ್ರಮಾಣಬದ್ಧ ಚಿತ್ರವೆನ್ನಲು ಬರುವುದಿಲ್ಲ, ಆದರೆ ಸಾವಿರ ಜನರ ಮಾದರಿ ಎಂದಿಗೂ ತಲುಪಲಾರದ ಅನುಭವಗಳು ಅದರಲ್ಲಿವೆ. ಈ ಕಾರಣದಿಂದ ಈಚೆಗೆ ನನ್ನಲ್ಲಿಗೆ ಬರುವ ಕ್ಲೈಂಟ್‌ಗಳಿಗೆ, ಸಾರ್ವಜನಿಕರ ಸಮೀಕ್ಷೆಯ ಜೊತೆಗೆ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳೊಂದಿಗಿನ ದೀರ್ಘ ಸಂದರ್ಶನಗಳಿಗೂ ಹಣ ಎತ್ತಿಡಿ, ಎರಡನ್ನೂ ಒಂದೇ ಕೋಷ್ಟಕದಲ್ಲಿ ಬೆರೆಸದೆ ಒಂದೇ ವರದಿಯಲ್ಲಿ ಪ್ರಕಟಿಸಿ ಎಂದು ಹೇಳುತ್ತೇನೆ. ಒಂದು ಸಂಸ್ಥೆ ಒಪ್ಪಿದೆ, ಸಂದರ್ಶನಗಳು ನಡೆಯುತ್ತಿವೆ. ಇನ್ನೊಂದು ಸಂಸ್ಥೆ ಅದೇ ಪ್ರಶ್ನಾವಳಿಯನ್ನು ನನ್ನ ಷರತ್ತುಗಳಿಲ್ಲದೆ ಬೇರೆಯವರಿಂದ ಮಾಡಿಸಿಕೊಂಡಿತು.