ಹುಳದ ಹೆಸರು ಹಿಡಿಯುವ ಕೆಲಸ

ಶವದ ಮೇಲೆ ನೊಣ ಮೊಟ್ಟೆಯಿಟ್ಟು ಎಷ್ಟು ಹೊತ್ತಾಯಿತೆಂದು ಅದರ ಮರಿಹುಳುಗಳಿಂದ ಲೆಕ್ಕ ಹಾಕುವುದು ನನ್ನ ಕೆಲಸ. ಶವದ ಮೇಲಿಂದ ತೆಗೆದ ಹುಳುಗಳು ಲ್ಯಾಬಿಗೆ ಬಂದಾಗ ನಾನು ಮೊದಲು ನೋಡುವುದು ಅವನ್ನು ಯಾವುದರಲ್ಲಿ ಹಾಕಿ ಕಳಿಸಿದ್ದಾರೆ ಎಂಬುದನ್ನು. ಡಿಎನ್‌ಎ ಕೆಡಿಸುವ ಫಾರ್ಮಲಿನ್ ದ್ರಾವಣ ಆಗಿದ್ದರೆ ಡಿಎನ್‌ಎ ಆಸೆ ಅಲ್ಲಿಗೇ ಅರ್ಧ ಮುಗಿಯಿತು. ಬಿಸಿನೀರಿಗೆ ಹಾಕಿ ಕೊಂದು, ಆಮೇಲೆ ಗಾಢ ಎಥನಾಲ್‌ಗೆ ಹಾಕಿದ್ದರೆ ನೆಮ್ಮದಿ. ಬಿಸಿನೀರಿಲ್ಲದೆ ನೇರ ಎಥನಾಲ್‌ಗೆ ಎಸೆದ ಹುಳು ಕುಗ್ಗುತ್ತದೆ, ಕಪ್ಪಾಗುತ್ತದೆ. ಉದ್ದ ನೋಡಿ ವಯಸ್ಸು ಹೇಳುವ ನಮಗೆ ಅದು ದೊಡ್ಡ ತೊಡಕು. ಒಂದಿಷ್ಟನ್ನು ಜೀವಂತವಾಗಿ ಕಳಿಸಿದರೆ ನೊಣವಾಗುವ ತನಕ ಸಾಕಿ ನೋಡಬಹುದು. ಸಾಕುವುದೇ ಇವತ್ತಿಗೂ ನನಗೆ ಹೆಚ್ಚು ನಂಬಿಕೆಯ ದಾರಿ. ಆದರೆ ಎಷ್ಟೋ ಸಲ ಬರುವುದು ಸತ್ತ ಹುಳುಗಳೇ.

ಎಲ್ಲದಕ್ಕೂ ಡಿಎನ್‌ಎ ಬೇಕಿಲ್ಲ. ಕ್ರೈಸೊಮಿಯಾ ರೂಫಿಫೇಸಿಸ್ ಎಂಬ ನೊಣದ ಬೆಳೆದ ಮರಿಹುಳುವಿನ ಮೈಮೇಲೆ ಮಾಂಸಲ ಮುಳ್ಳುಗಳಿರುತ್ತವೆ, ಕಣ್ಣಿಗೇ ಗುರುತು ಸಿಗುತ್ತದೆ. ಮರಿಹುಳು ಬೆಳೆಯುವುದು ಮೂರು ಹಂತಗಳಲ್ಲಿ. ಕಷ್ಟ ಕೊಡುವುದು ಮೊಟ್ಟೆ ಮತ್ತು ಮೊದಲ ಹಂತದ ಹುಳುಗಳು. ಯಾವ ನೊಣದ್ದೆಂದು ಹೇಳಲಾಗದಷ್ಟು ಒಂದೇ ಥರ ಕಾಣುತ್ತವೆ. ಬೆಳೆಯುವ ವೇಗವೋ ಪ್ರಭೇದಕ್ಕೊಂದು. ಹೆಸರು ತಪ್ಪಿದರೆ ಲೆಕ್ಕವೂ ತಪ್ಪಿದಂತೆ.

ಮೂರನೇ ಹಂತದ ಹುಳುವನ್ನು ಮೈಕ್ರೋಸ್ಕೋಪಿನಡಿ ಇಟ್ಟರೆ ತೆಳುಚರ್ಮದ ಮೂಲಕ ಅನ್ನಚೀಲ ಕಪ್ಪಗೆ ಕಾಣುತ್ತದೆ. ಅದನ್ನು ಒಡೆಯದಂತೆ ಬಿಡಿಸಿ ಬೇರೆ ಟ್ಯೂಬಿಗೆ ಹಾಕುತ್ತೇನೆ. ಹುಳು ತಿಂದ ಮನುಷ್ಯನ ಡಿಎನ್‌ಎ ಅದರಲ್ಲೇ ಇರುತ್ತದೆ. ಶವದಿಂದ ದೂರದಲ್ಲಿ ಹುಳು ಸಿಕ್ಕ ಪ್ರಕರಣದಲ್ಲಿ ಅದಕ್ಕೇ ಬೆಲೆ. ತಲೆಯ ಕಡೆಯ ಬಾಯಿಕೊಕ್ಕೆ, ಹಿಂಬದಿಯ ಉಸಿರುರಂಧ್ರ ಎರಡನ್ನೂ ಮುಟ್ಟುವುದಿಲ್ಲ. ಪ್ರತಿ ರಂಧ್ರಫಲಕದಲ್ಲಿ ಎರಡು ಸೀಳಿದ್ದರೆ ಎರಡನೇ ಹಂತ, ಮೂರಿದ್ದರೆ ಮೂರನೆಯದು. ಪ್ರಭೇದ ಗುರುತಿಸಲು ನಾವು ಓದುವ ಸಿಒಐ ಜೀನ್ ಹಂತವನ್ನು ಹೇಳಿಕೊಡುವುದಿಲ್ಲ. ಡಿಎನ್‌ಎಗೆ ನಾನು ತೆಗೆಯುವುದು ನಡುಮೈಯ ಸ್ನಾಯುವಿನ ಚೂರು ಮಾತ್ರ. ಉಳಿದದ್ದು ಎಥನಾಲ್‌ಗೆ ಮರಳುತ್ತದೆ, ನಾಳೆ ಕೋರ್ಟಿನಲ್ಲಿ ಯಾರಾದರೂ ಕೇಳಿದರೆ ತೋರಿಸಲು.

ಪಿಸಿಆರ್, ಅಂದರೆ ಡಿಎನ್‌ಎಯ ಬೇಕಾದ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಭಾಗ, ಹೆಚ್ಚು ಹೇಳುವಂಥದ್ದಲ್ಲ. ಫಾಲ್ಮರ್ ಮತ್ತು ಸಂಗಡಿಗರು 1994ರಲ್ಲಿ ಕೊಟ್ಟ ಪ್ರೈಮರ್‌ಗಳೇ (ನಕಲು ಎಲ್ಲಿಂದ ಶುರುವಾಗಬೇಕೆಂದು ತೋರಿಸುವ ಡಿಎನ್‌ಎ ಚೂರುಗಳು) ಸಾಕು. ಮೈಟೊಕಾಂಡ್ರಿಯಾದ ಸಿಒಐ ಜೀನಿನಿಂದ 658 ಅಕ್ಷರಗಳ ತುಣುಕು ಬರುತ್ತದೆ. ಜತೆಗೆ ಡಿಎನ್‌ಎ ಹಾಕದ ಒಂದು ಟ್ಯೂಬ್ ಕಡ್ಡಾಯ. ಅದರಲ್ಲೂ ಬ್ಯಾಂಡ್ (ಡಿಎನ್‌ಎ ಇದೆಯೆಂದು ತೋರಿಸುವ ಗೆರೆ) ಬಂತೆಂದರೆ, ಎಲ್ಲಿಂದಲೋ ಡಿಎನ್‌ಎ ಬೆರೆತಿದೆ ಎಂದರ್ಥ, ಆ ದಿನದ ಫಲಿತಾಂಶ ಪೂರ್ತಿ ಕಸದ ಬುಟ್ಟಿಗೆ.

ಸೀಕ್ವೆನ್ಸ್ (ಆ ತುಣುಕಿನ ಅಕ್ಷರಗಳ ಸಾಲು) ಬಂದ ಮೇಲೆ ಅದನ್ನು ಅಮೈನೊ ಆಮ್ಲಗಳಿಗೆ ತಿರುಗಿಸಿ ನೋಡುತ್ತೇನೆ. ನಡುವೆ ಸ್ಟಾಪ್ ಕೋಡಾನ್ (ಪ್ರೋಟೀನ್ ಇಲ್ಲಿಗೆ ನಿಲ್ಲಲಿ ಎನ್ನುವ ಸಂಕೇತ) ಸಿಕ್ಕರೆ ಅದು ಮೈಟೊಕಾಂಡ್ರಿಯಾದಿಂದ ಕೋಶಕೇಂದ್ರಕ್ಕೆ ನುಸುಳಿದ ಹಳೆಯ ನಕಲಿರಬಹುದು. ಆಮೇಲೆ ಹೆಸರು ಗೊತ್ತಿರುವ ನೊಣಗಳ ಸೀಕ್ವೆನ್ಸ್‌ಗಳಿರುವ ಡೇಟಾಬೇಸ್‌ಗೆ ಹೋಲಿಕೆ. ಪಟ್ಟಿಯ ಮೊದಲ ಸಾಲಿನಲ್ಲಿ 99 ಶೇಕಡಾ ಹೊಂದಿಕೆ ಕಂಡೊಡನೆ ಹೆಸರು ಬರೆದುಬಿಡುವವರನ್ನು ಕಂಡರೆ ನನಗೆ ಸಿಟ್ಟು. ಅಲ್ಲಿ ತಪ್ಪು ಹೆಸರಿನಲ್ಲಿ ಸೇರಿಸಿದ ನೊಣಗಳೂ ಇವೆ. ವಂಶವೃಕ್ಷ ಬರೆದು, ನಮ್ಮ ಹುಳು ಯಾರ ನಡುವೆ ಕೂರುತ್ತದೆ ಎಂದು ನೋಡಲೇಬೇಕು. ಲ್ಯೂಸಿಲಿಯಾ ಕುಲದ ನೊಣ ಬಂದರಂತೂ ಇನ್ನಷ್ಟು ಎಚ್ಚರ: ಹವಾಯಿಯ ಲ್ಯೂಸಿಲಿಯಾ ಕುಪ್ರಿನಾ ನೊಣಗಳ ಮೈಟೊಕಾಂಡ್ರಿಯಾ ಅದೇ ಕುಲದ ಇನ್ನೊಂದು ಪ್ರಭೇದ ಸೆರಿಕಾಟಾ ಕಡೆಗೆ ವಾಲುತ್ತದೆ, ಹಿಂದೆಂದೋ ಆದ ಬೆರಕೆಯ ಗುರುತು. ಮೈಟೊಕಾಂಡ್ರಿಯಾ ಬರುವುದು ತಾಯಿಯಿಂದ, ಹಾಗಾಗಿ ಅದೊಂದನ್ನೇ ಕೇಳಿದರೆ ಅರ್ಧ ಕಥೆ. ಇಂಥ ಕಡೆ 28ಎಸ್‌ನಂಥ ಕೋಶಕೇಂದ್ರದ ಜೀನನ್ನೂ ಓದಿಸುತ್ತೇನೆ.

ವರದಿಯಲ್ಲಿ ಸಾವಿನ ಸಮಯ ಎಂದು ಬರೆಯುವುದಿಲ್ಲ. ಪ್ರಭೇದ, ಹಂತ, ಸ್ಥಳದ ತಾಪಮಾನ ಮೂರನ್ನೂ ಸೇರಿಸಿ, ನೊಣ ಮೊಟ್ಟೆಯಿಟ್ಟು ಕನಿಷ್ಠ ಎಷ್ಟು ಹೊತ್ತಾಗಿದೆ ಎಂದಷ್ಟೇ ಬರೆಯುತ್ತೇನೆ. ಶವ ಮುಚ್ಚಿದ ಕೋಣೆಯಲ್ಲಿತ್ತೋ, ಬಟ್ಟೆಯಲ್ಲಿ ಸುತ್ತಿತ್ತೋ ಎಂಬುದರ ಮೇಲೆ ನೊಣ ತಡವಾಗಿಯೂ ಬಂದಿರಬಹುದು. ಆ ಸಾಲನ್ನೂ ಕೆಳಗೇ ಸೇರಿಸುತ್ತೇನೆ.