ಭೀಮಾ ದಂಡೆಯ ಬೋಕಿ ಎಷ್ಟು ಡಿಗ್ರಿಗೆ ಸುಟ್ಟದ್ದು: ನನ್ನ ಅನುಭವ

ಹಳೇ ಬೋಕಿ, ಅಂದರೆ ಮಡಕೆ ಚೂರು, ಹಿಂದೆ ಎಷ್ಟು ಶಾಖಕ್ಕೆ ಸುಟ್ಟದ್ದು ಅಂತ ಪತ್ತೆ ಹಚ್ಚೋದು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಇಲ್ಲದೆ ಆಗೋ ಕೆಲಸವಲ್ಲ ಅಂದವರೇ ಈಗ ನನ್ನ ಮಫಲ್ ಭಟ್ಟಿಯ (ಕರೆಂಟಿನ ಮುಚ್ಚಿದ ಭಟ್ಟಿ) ಅಂಕಿ ಕೇಳ್ತಿದ್ದಾರೆ. ಹಾಗಾಗಿ ಬರೀತಿದ್ದೀನಿ.

ಬೋಕಿಗಳು ಚಿತ್ತಾಪುರ ತಾಲ್ಲೂಕಿನ ಹೊಲವೊಂದರಲ್ಲಿ ನೇಗಿಲಿಗೆ ಎದ್ದವು. ಹಳೇ ಬೌದ್ಧ ನೆಲೆಯಾದ ಸನ್ನತಿಯ ಸಂರಕ್ಷಿತ ಜಾಗದ್ದಲ್ಲ. ಹೊಲದವರನ್ನು ಕೇಳಿಯೇ ತಂದದ್ದು. ಮೊದಲು ರಾಸಾಯನಿಕ ವಿಶ್ಲೇಷಣೆಗೆ ನಾಲ್ಕು ಸಾವಿರದ ಹತ್ತಿರ ಸುರಿದೆ. ಸುಣ್ಣ ಶೇ 10ರ ಆಸುಪಾಸು ಅಂತ ಬಂತು. ಎರೆಮಣ್ಣಿನ ಸೀಮೆಯಲ್ಲಿ ಇನ್ನೇನು ಬರಬೇಕು! ಎಕ್ಸ್‌ಆರ್‌ಡಿಗೆ (ಖನಿಜ ಗುರುತಿಸೋ ಎಕ್ಸ್-ರೇ ಪರೀಕ್ಷೆ) ಹಾಕಿದಾಗ ಅಸಲಿ ತಕರಾರು: ಒಂದೇ ಚೂರಿನಲ್ಲಿ ಸುಣ್ಣದ ಖನಿಜ ಕ್ಯಾಲ್ಸೈಟೂ ಇದೆ, ಸುಣ್ಣ-ಜೇಡಿ ಶಾಖಕ್ಕೆ ಕೂಡಿ ಹುಟ್ಟೋ ಗೆಹ್ಲೆನೈಟೂ ಇದೆ. ಮೊದಲನೆಯದು 800 ಡಿಗ್ರಿ ಸೆಲ್ಸಿಯಸ್ ದಾಟಿದರೆ ಉಳಿಯೋದು ಕಷ್ಟ, ಎರಡನೆಯದು 850ರ ಸುಮಾರಿಗೆ ಹೋಗದೆ ಹುಟ್ಟೋದಿಲ್ಲ. ‘ಸ್ಯಾಂಪಲ್ ಕಲಬೆರಕೆ’ ಅಂದ ಲ್ಯಾಬಿನವರು ಬಿಲ್ಲು ಮಾತ್ರ ಪೂರ್ತಿ ಕೊಟ್ಟರು.

ಚೂರು ಮುರಿದು ಮಸೂರ ಹಿಡಿದೆ. ಮಣ್ಣಿನ ಮೈಯಲ್ಲಿ ಸುಣ್ಣದ ಹರಳಿಲ್ಲ. ರಂಧ್ರಗಳ ಒಳಗೋಡೆಗೆ ತೆಳ್ಳಗೆ ಬಿಳಿ ಪೊರೆ. ನೀರು ಬೆರೆಸಿದ ಆ್ಯಸಿಡ್ ಒಂದು ಹನಿ ಬಿಟ್ಟರೆ ಅದೊಂದೇ ಬುಸುಗುಟ್ಟಿತು. ಅಂದರೆ ಹೂತ ಮೇಲೆ ನೀರಿನ ಜೊತೆ ಇಳಿದು ಕೂತ ಸುಣ್ಣ ಅದು. ಅದನ್ನು ಲೆಕ್ಕದಿಂದ ಬಿಟ್ಟೆ.

ಆಮೇಲೆ ಒಂದೇ ಬೋಕಿಯ ಚೂರುಗಳನ್ನು 600ರಿಂದ ಐವತ್ತೈವತ್ತು ಡಿಗ್ರಿ ಏರಿಸುತ್ತ, ಒಂದೊಂದು ತಾಸು ಸುಟ್ಟು, ಎಷ್ಟು ನೀರು ಹೀರುತ್ತದೆ ಅಂತ ನೋಡಲು ನೀರಲ್ಲಿ ಕುದಿಸಿ ತೂಗಿದೆ. ಹಿಂದೆ ಸುಟ್ಟ ಶಾಖ ದಾಟುವ ತನಕ ಚೂರು ಹೆಚ್ಚು ಬದಲಾಗೋದಿಲ್ಲ ಅನ್ನೋದೇ ಇದರ ಲೆಕ್ಕ. ಆ ಪೊರೆಯನ್ನು ಮುಂಚೆಯೇ ತೆಗೆಯದಿದ್ದರೆ ತೂಕ ಕೆಡುತ್ತದೆ. ಹೇಗೆ ತೆಗೆದೆ ಅನ್ನೋದು ಸದ್ಯ ನನ್ನ ಹತ್ರವೇ ಇರಲಿ. ವೋಲ್ಟೇಜ್ ಕುಣಿದಾಟಕ್ಕೆ ಭಟ್ಟಿಯ ಕಾಯಿಲ್ ಎರಡು ಸಲ ಸುಟ್ಟು ಆರೇಳು ಸಾವಿರ ಹೋಯಿತು. 850ರ ತನಕ ನೀರು ಹೀರುವುದು ಹೆಚ್ಚುಕಮ್ಮಿ ಹಾಗೇ ಇತ್ತು, 900ಕ್ಕೆ ದಡ್ಡನೆ ಇಳಿಯಿತು, ಚೂರೂ ಕುಗ್ಗಿತು. ಉತ್ತರ ಆ ಎರಡರ ನಡುವೆ.

ತಾಳೆ ನೋಡಲು ಅದೇ ಹೊಲದ ಮಣ್ಣಿನ ಬಿಲ್ಲೆ ಸುಟ್ಟರೆ, ನಾಲ್ಕು ದಿನಕ್ಕೆ ಸುಣ್ಣದ ಹರಳು ಅರಳಿ ಸಿಡಿದವು. ‘ಉಪ್ಪಿನ ನೀರಾಗ ಕಲಸ್ರಿ ಸರ, ಒಡಿಯಂಗಿಲ್ಲ’ ಅಂದರು ಊರಿನ ಕುಂಬಾರ ಅಜ್ಜ. ನಿಜಕ್ಕೂ ಒಡೆಯಲಿಲ್ಲ! ಆದರೆ ಉಪ್ಪು ಬಿದ್ದರೆ ಹೋಲಿಕೆಗೆ ಬರೋದಿಲ್ಲ, ಕೊನೆಗೆ ಮಣ್ಣನ್ನೇ ಸಣ್ಣಗೆ ಸೋಸಿದೆ. ತೊಗರಿಕಟ್ಟಿಗೆ, ಕುಳ್ಳು ಒಟ್ಟಿ ಬಯಲಲ್ಲೂ ಸುಟ್ಟು ಶಾಖ ಅಳೆಯೋ ಥರ್ಮೋಕಪಲ್ ಇಟ್ಟೆ: 800 ದಾಟಿತು, ಆದರೆ ನಿಂತದ್ದು ಕೆಲವೇ ನಿಮಿಷ. ಆದ್ದರಿಂದ ನನ್ನ 850-900 ಅಂದರೆ ಒಂದು ತಾಸು ಸುಟ್ಟದ್ದಕ್ಕೆ ಸಮನಾದ ಶಾಖ ಅಂತಲೇ ಓದಿ.

ಕಪ್ಪು-ಕೆಂಪು ಬೋಕಿಗೆ ಇದನ್ನು ಹಚ್ಚಬೇಡಿ. ಹೊಗೆಯಲ್ಲಿ ಸುಟ್ಟ ಮೈ ಕಡಿಮೆ ಶಾಖಕ್ಕೇ ಬೆಸೆಯುತ್ತದೆ. ಬೀದರ್‌ನ ಜಂಬಿಟ್ಟಿಗೆ ಮಣ್ಣಲ್ಲಿ ಸುಣ್ಣವೇ ಕಮ್ಮಿ, ಗೆಹ್ಲೆನೈಟ್ ಹುಡುಕಿ ದುಡ್ಡು ಕಳೀಬೇಡಿ, ಅಲ್ಲಿ ನೀರಿನ ತೂಕವೇ ಗತಿ.